ನಾನು ಮೆಚ್ಚಿದ ಕಡಲತೀರಗಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಸಾರ್, ನೀವು ಭೂಗೋಳದ ಮಾಸ್ಟ್ರು, ಊರೂರು ಸುತ್ತಿದವರು. ಮಕ್ಕಳಿಗೆ ನಮ್ಮ ಕರಾವಳಿಯ ಬೀಚುಗಳ ಬಗ್ಗೆ ಏನಾದರೂ ಹೇಳಿ, ಹಗುರವಾಗಿರಲಿ" ಎಂದರು. ಒಪ್ಪಿಕೊಂಡೆ. ಹಗುರವಾಗಿಯೇ ಶುರು ಮಾಡುತ್ತೇನೆ. ನಡುವೆ ಒಂದು ಕಡೆ ಸ್ವಲ್ಪ ಭಾರವಾದರೆ ಕ್ಷಮಿಸಬೇಕು.

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 1976ರಲ್ಲಿ. ಶಾಲೆ ಶುರುವಾಗಿ ಎರಡೇ ವರ್ಷ ಆಗಿತ್ತು. ಈಗಿನ ಈ ಸಭಾಂಗಣ ಇರಲಿಲ್ಲ, ಆಟದ ಮೈದಾನವೂ ಇರಲಿಲ್ಲ. ಆಟದ ಪೀರಿಯಡ್ ಬಂತೆಂದರೆ ಮಾಸ್ಟ್ರು ಸೀಟಿ ಊದುತ್ತಾ ನಮ್ಮನ್ನು ಸಾಲಾಗಿ ಸಮುದ್ರದ ದಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ಕಾಲಿನಲ್ಲಿ ಗೆರೆ ಎಳೆದರೆ ಕಬಡ್ಡಿ ಅಂಕಣ ತಯಾರು. ಬಿದ್ದರೆ ಪೆಟ್ಟಿಲ್ಲ. ಎರಡು ಅಂಕಣ ಅಕ್ಕಪಕ್ಕ ಹಾಕಿದರೂ ಅಲೆ ಇನ್ನೂ ದೂರವೇ ಇರುತ್ತಿತ್ತು, ಅಷ್ಟು ಅಗಲದ ಮರಳು.

ಕೆಲವು ದಿನ ನಮ್ಮ ಆಟ ಅರ್ಧಕ್ಕೇ ನಿಲ್ಲುತ್ತಿತ್ತು. ರಂಪಣಿ ಬಲೆ ಎಳೆಯುವ ದಿನ ಅದು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದು, ಅದರ ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುತ್ತಿದ್ದರು. ಒಂದೊಂದು ಹಗ್ಗಕ್ಕೆ ಹತ್ತಾರು ಜನ. ನಾವೂ ಹೋಗಿ ಹಗ್ಗ ಹಿಡಿಯುತ್ತಿದ್ದೆವು. ಕೈ ಹಾಕಿದವರಿಗೆಲ್ಲ ಒಂದಿಷ್ಟು ಬಂಗುಡೆಯೋ ಬೂತಾಯಿಯೋ ಸಿಗುತ್ತಿತ್ತು. ಮೀನು ತಿನ್ನದ ಮನೆಯ ಹುಡುಗರು ತಮ್ಮ ಪಾಲನ್ನು ಗೆಳೆಯರಿಗೆ ಕೊಟ್ಟು, ಮರುದಿನ ಅದಕ್ಕೆ ಬದಲಾಗಿ ನೆಲ್ಲಿಕಾಯಿ ವಸೂಲು ಮಾಡುತ್ತಿದ್ದರು. ಆಮೇಲೆ ಪರ್ಸೀನ್ ದೋಣಿಗಳು ಬಂದವು, ರಂಪಣಿ ಕಡಿಮೆಯಾಗುತ್ತಾ ಹೋಯಿತು. ನನ್ನ ಮೆಚ್ಚಿನ ಕಡಲತೀರ ಯಾವುದು ಎಂದು ಕೇಳಿದರೆ ಮೊದಲನೆಯದು ಅದೇ, ನಮ್ಮ ಶಾಲೆಯ ಹಿಂದಿನದು. ಅದರ ಈಗಿನ ಸ್ಥಿತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಬಡಗಿನಿಂದ ತೆಂಕಿಗೆ ಒಂದು ಸುತ್ತು ಹೋಗೋಣ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಮೂರು ಜಿಲ್ಲೆ ಸೇರಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಂಡೆ ನಮ್ಮದು.

ಮೊದಲು ಕಾರವಾರ. ಊರಿನ ಪಕ್ಕದಲ್ಲೇ ಇರುವ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯರು, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದ ತಮ್ಮನಿಗೆ ಆಗ ಇಪ್ಪತ್ತೆರಡರ ಆಸುಪಾಸು. 'ಪ್ರಕೃತಿರ ಪ್ರತಿಶೋಧ' ಎಂಬ ನಾಟಕ ಬರೆದದ್ದು ಇಲ್ಲಿದ್ದಾಗಲೇ. ಕಾಳಿ ನದಿ ಸೇರುವ ಅಳಿವೆ, ಎದುರಿಗೆ ದ್ವೀಪಗಳು, ಹಿಂದೆ ಗುಡ್ಡ. ದಂಡೆಯ ಮೇಲೆ 'ಐ.ಎನ್.ಎಸ್. ಚಾಪಲ್' ಎಂಬ ನಿವೃತ್ತ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಮಕ್ಕಳು ಅದನ್ನು ತಪ್ಪದೆ ನೋಡಬೇಕು.

ಅಲ್ಲಿಂದ ಗೋಕರ್ಣ. ದೇವಸ್ಥಾನದ ಹತ್ತಿರದ ದಂಡೆಯನ್ನು ಎಲ್ಲರೂ ನೋಡಿರುತ್ತಾರೆ. ನನಗೆ ಇಷ್ಟ ಗುಡ್ಡ ಹತ್ತಿ ಇಳಿದು ಹೋಗುವ ಕುಡ್ಲೆ ಮತ್ತು ಓಂ ತೀರ. ಓಂ ತೀರವನ್ನು ಕೆಳಗಿನಿಂದ ನೋಡಿದರೆ ಹೆಸರು ಯಾಕೆ ಬಂತು ಎಂದು ಗೊತ್ತಾಗುವುದಿಲ್ಲ. ಮೇಲಿನ ರಸ್ತೆಯಲ್ಲಿ ನಿಂತು ನೋಡಬೇಕು. ನಡುವೆ ಬಂಡೆ ಮುಂದಕ್ಕೆ ಚಾಚಿಕೊಂಡು, ಎರಡೂ ಪಕ್ಕ ಎರಡು ಬಾಗು. ಬರೆದಿಟ್ಟ ಹಾಗೆ ಕಾಣುತ್ತದೆ.

ಹೊನ್ನಾವರದಲ್ಲಿ ಶರಾವತಿ ದಾಟಿದರೆ ಕಾಸರಕೋಡು. 2020ರ ಅಕ್ಟೋಬರಿನಲ್ಲಿ ನಮ್ಮ ದೇಶದ ಎಂಟು ತೀರಗಳಿಗೆ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದರಲ್ಲಿ ಎರಡು ಕರ್ನಾಟಕದವು, ಒಂದು ಕಾಸರಕೋಡು, ಇನ್ನೊಂದು ಪಡುಬಿದ್ರಿ. ನೀರಿನ ಶುದ್ಧತೆ, ಸ್ವಚ್ಛತೆ, ಶೌಚಾಲಯ, ಅಂಗವಿಕಲರಿಗೆ ದಾರಿ, ಜೀವರಕ್ಷಕರು, ಹೀಗೆ 33 ಅಂಶ ನೋಡಿ ಕೊಡುವ ಮಾನ್ಯತೆ ಅದು. ಕಾಸರಕೋಡಿನ ಕಡೆಯ ಮರಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಬಂದು ಗುಂಡಿ ತೋಡಿ, ಮೊಟ್ಟೆ ಇಟ್ಟು, ಮುಚ್ಚಿ, ಬೆಳಗಾಗುವುದರೊಳಗೆ ಸಮುದ್ರಕ್ಕೆ ವಾಪಸು. ನಮಗೆ ವಿಹಾರದ ಜಾಗ, ಅದಕ್ಕೆ ಹೆರಿಗೆಯ ಮನೆ.

ಆಮೇಲೆ ಮುರ್ಡೇಶ್ವರ. ಕಂದುಕ ಗಿರಿ, ಮೂರು ಕಡೆ ಸಮುದ್ರ, 123 ಅಡಿಯ ಶಿವ, ದೂರದಲ್ಲಿ ನೇತ್ರಾಣಿ ದ್ವೀಪ. ಬಯಲುಸೀಮೆಯ ಶಾಲೆಗಳು ಪ್ರವಾಸದ ಪಟ್ಟಿ ಮಾಡುವಾಗ ಮುರ್ಡೇಶ್ವರವನ್ನು ಬಿಡುವುದೇ ಅಪರೂಪ. ಆದರೆ ಈ ಹೆಸರು ಹೇಳುವಾಗ ಈಗ ನನಗೆ ಸ್ವಲ್ಪ ಗಂಟಲು ಕಟ್ಟುತ್ತದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲ್ಲಿ ನೀರುಪಾಲಾದರು. ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಈ ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳಷ್ಟೇ ವಯಸ್ಸು ಅವರಿಗೆ.

ಆ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಅದಕ್ಕೆ ಕಾರಣವಿದೆ. ಇಪ್ಪತ್ತೆಂಟು ವರ್ಷದಲ್ಲಿ ಇದನ್ನು ಯಾವ ವೇದಿಕೆಯ ಮೇಲೂ ಹೇಳಿಲ್ಲ. ನಾನು ಕಲಿತ ಶಾಲೆ ಇದು, ಇಲ್ಲಿ ಹೇಳುತ್ತೇನೆ.

1996ರ ಡಿಸೆಂಬರ್. ನಾನು ಆಗ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಹತ್ತನೇ ತರಗತಿಯ ಮಕ್ಕಳಿಗೆ ಪ್ರವಾಸ. ಎಲ್ಲಿಗೆ ಎಂದು ಕೇಳಿದರೆ ಒಕ್ಕೊರಲಿನಿಂದ "ಸಮುದ್ರ ಸಾರ್" ಎಂದರು. ಒಬ್ಬ ಹುಡುಗನೂ ಸಮುದ್ರ ಕಂಡವನಲ್ಲ. ಕೆಲವರ ಮನೆಯಲ್ಲಿ ನೀರೆಂದರೆ ಹೆದರಿಕೆ, ಕಳಿಸಲು ಹಿಂದೇಟು. ನಾನೇ ಮನೆ ಮನೆಗೆ ಹೋಗಿ ಒಪ್ಪಿಸಿದೆ. "ಹೆದರಬೇಡಿ, ನಾನು ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವನು" ಎಂದೆ.

ಹೋದದ್ದು ಯಾವ ತೀರಕ್ಕೆ ಎಂದು ಹೇಳುವುದಿಲ್ಲ. ತಪ್ಪು ಆ ತೀರದ್ದಲ್ಲ, ನನ್ನದು. ಬಸ್ಸಿನಿಂದ ಇಳಿದವರೇ ಮಕ್ಕಳು ಓಡಿದರು. ಕೆಲವರು ನೀರನ್ನು ಬಾಯಿಗೆ ಹಾಕಿ ಉಪ್ಪು ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡಿದರು. ಒಬ್ಬಳು ಹುಡುಗಿ ಬಾಟಲಿಯಲ್ಲಿ ತುಂಬಿಸಿಕೊಂಡಳು, ಅಜ್ಜಿಗೆ ತೋರಿಸಲಿಕ್ಕೆ. ಎಲ್ಲ ಕಡೆ ಅಲೆ ಜೋರಾಗಿ ಒಡೆಯುತ್ತಿತ್ತು. ಒಂದು ಕಡೆ ಮಾತ್ರ ಅಲೆಯೇ ಇಲ್ಲದೆ ನೀರು ಶಾಂತವಾಗಿತ್ತು. ನಾನೇ ಕೈ ತೋರಿಸಿ ಹೇಳಿದೆ, "ಅಲ್ಲಿ ಅಲೆ ಇಲ್ಲ, ಅಲ್ಲಿ ಆಡಿ, ಮೊಣಕಾಲಿನವರೆಗೆ ಮಾತ್ರ."

ಐದು ನಿಮಿಷವೂ ಆಗಿರಲಿಲ್ಲ. ಇಬ್ಬರು ಹುಡುಗರು ಮೊಣಕಾಲಿನ ನೀರಿನಿಂದ ಸೊಂಟದ ನೀರಿಗೆ, ಅಲ್ಲಿಂದ ತಲೆ ಮಾತ್ರ ಕಾಣುವಷ್ಟು ದೂರಕ್ಕೆ ಹೋಗಿದ್ದರು. ಅವರು ನಡೆದು ಹೋದದ್ದಲ್ಲ, ನೀರೇ ಎಳೆದುಕೊಂಡು ಹೋದದ್ದು. ನಾನು ಬಟ್ಟೆಯಲ್ಲೇ ನೀರಿಗೆ ಬಿದ್ದೆ. ದಡದಲ್ಲಿ ಬಲೆ ಸರಿ ಮಾಡುತ್ತಾ ಕುಳಿತಿದ್ದ ಇಬ್ಬರು ಮೀನುಗಾರರು ಕೂಗುತ್ತಾ ಓಡಿ ಬಂದರು. ಒಬ್ಬರು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದು ಹಾಕಿದರು. ಇನ್ನೊಬ್ಬರು ಉದ್ದ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು, ಖಾಲಿ ಕ್ಯಾನ್ ಒಂದನ್ನು ಹಿಡಿದುಕೊಂಡು ಹೋದರು. ಹಗ್ಗದ ಇನ್ನೊಂದು ತುದಿ ನಮ್ಮ ಕೈಯಲ್ಲಿ. ಇಬ್ಬರನ್ನೂ ತಂದರು. ಒಬ್ಬನಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದ, ಬದುಕಿದ.

ಹುಡುಗರನ್ನು ಗಾಡಿ ಹತ್ತಿಸುವಾಗ ಆ ಹಿರಿಯ ಮೀನುಗಾರರು ನನ್ನ ಊರು ಕೇಳಿದರು, ಹೇಳಿದೆ. ಅವರು ಬೈಯಲಿಲ್ಲ. "ಹ್ವಾಯ್ ಮಾಸ್ಟ್ರೇ, ಒಂದ್ ಮಾತ್ ಕೇಂಬುಕಾಗಿತ್ತಲ್ದಾ?" ಎಂದರು, ಅಷ್ಟೆ. ಹೌದು, ಒಂದು ಮಾತು ಕೇಳಬಹುದಾಗಿತ್ತು. ಅವರು ಕುಳಿತಿದ್ದದ್ದು ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಕೇಳಲಿಲ್ಲ. ಸಮುದ್ರದ ಪಕ್ಕದವನು ಎಂಬ ಜಂಬ.

ಮೂರನೆಯ ದಿನ ಆ ಹುಡುಗನ ತಂದೆ ಬಂದರು. ಹೊಲದಿಂದ ನೇರ ಬಸ್ಸು ಹತ್ತಿದವರು, ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹೊಡೆಯುತ್ತಾರೇನೋ ಎಂದುಕೊಂಡಿದ್ದೆ. ಮಗನ ತಲೆ ಸವರಿ, ನನ್ನ ಕಡೆ ತಿರುಗಿ, "ನಿಮ್ಮೂರು ಸಮುದ್ರದ ಪಕ್ಕ ಅಂತ ಧೈರ್ಯ ಮಾಡಿ ಕಳ್ಸಿದ್ದೆ ಮೇಷ್ಟ್ರೇ" ಎಂದರು. ಹೊಡೆದಿದ್ದರೆ ಮರೆಯುತ್ತಿದ್ದೆ. ಈ ಮಾತು ಮರೆತಿಲ್ಲ.

ಮಕ್ಕಳೇ, ಆ ಶಾಂತವಾದ ನೀರು ಏನು ಎಂದು ನಾನು ಆಮೇಲೆ ಕಲಿತೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮತ್ತೆ ಸಮುದ್ರಕ್ಕೆ ಹೋಗಬೇಕಲ್ಲ? ನೀರಿನ ಕೆಳಗೆ ಮರಳಿನ ದಿಣ್ಣೆಗಳಿರುತ್ತವೆ. ಆ ದಿಣ್ಣೆಗಳ ನಡುವೆ ಎಲ್ಲಿ ತಗ್ಗಾದ ಓಣಿ ಇರುತ್ತದೋ ಅಲ್ಲಿಂದ ನೀರೆಲ್ಲ ಒಟ್ಟಾಗಿ ವಾಪಸು ಹೋಗುತ್ತದೆ, ತೂಬು ತೆಗೆದ ಕೆರೆಯ ಹಾಗೆ. ಓಣಿ ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಆದ್ದರಿಂದ ಶಾಂತವಾಗಿ ಕಾಣುತ್ತದೆ. ಬಣ್ಣ ಸ್ವಲ್ಪ ಕಪ್ಪು, ಕೆಲವೊಮ್ಮೆ ನೊರೆ, ಕಸ ಹೊರಮುಖವಾಗಿ ತೇಲುತ್ತಿರುತ್ತದೆ. ಹೊಸಬರಿಗೆ ಎಲ್ಲಕ್ಕಿಂತ ಸುರಕ್ಷಿತ ಎಂದು ಕಾಣುವ ಜಾಗವೇ ಎಲ್ಲಕ್ಕಿಂತ ಅಪಾಯದ್ದು. ಈ ಸೆಳೆತ ಒಳ್ಳೆಯ ಈಜುಗಾರನನ್ನೂ ಸೋಲಿಸುತ್ತದೆ, ಯಾಕೆಂದರೆ ಅವನು ನೇರ ದಡದ ಕಡೆಗೆ, ಅಂದರೆ ಪ್ರವಾಹಕ್ಕೆ ಎದುರಾಗಿ ಈಜಿ ಸುಸ್ತಾಗುತ್ತಾನೆ.

ಸಿಕ್ಕಿಬಿದ್ದರೆ ಎದುರು ಈಜಬೇಡಿ. ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಎಳೆಯುತ್ತದೆ. ಆದ್ದರಿಂದ ಮೊದಲು ತೇಲಿ, ಉಸಿರು ಹಿಡಿತದಲ್ಲಿರಲಿ, ಕೈ ಎತ್ತಿ ಕರೆಯಿರಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಗೆ ಬನ್ನಿ, ಆಮೇಲೆ ಅಲೆ ಒಡೆಯುವ ಕಡೆಯಿಂದ ದಡಕ್ಕೆ. ದಡದಲ್ಲಿ ಇರುವವರು ನನ್ನ ಹಾಗೆ ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೆಯೇ. ಹಗ್ಗ, ಚೆಂಡು, ಖಾಲಿ ಕ್ಯಾನ್, ತೇಲುವುದು ಏನು ಸಿಕ್ಕಿದರೂ ಎಸೆಯಿರಿ, ಜೀವರಕ್ಷಕರನ್ನೋ ಮೀನುಗಾರರನ್ನೋ ಕರೆಯಿರಿ.

ಭಾರದ ಮಾತು ಇಷ್ಟೇ. ಸುತ್ತು ಮುಂದುವರಿಸೋಣ. ಆ ಘಟನೆಯ ನಂತರ ನಾನು ಸಮುದ್ರಕ್ಕೆ ಹೋಗುವುದನ್ನು ಬಿಡಲಿಲ್ಲ, ಹೋಗುವ ರೀತಿ ಬದಲಾಯಿತು. ಈಗ ಯಾವ ತೀರಕ್ಕೆ ಹೋದರೂ ಮೊದಲು ಅಲ್ಲಿನವರೊಬ್ಬರ ಜೊತೆ ಮಾತನಾಡುತ್ತೇನೆ. ಅದರಿಂದ ನನಗೆ ಒಂದೊಂದು ತೀರವೂ ಒಬ್ಬೊಬ್ಬ ಮನುಷ್ಯನ ಹಾಗೆ, ಅದರ ಗುಣ ಬೇರೆ, ಹೊತ್ತು ಬೇರೆ ಎಂದು ತಿಳಿಯಿತು.

ಮರವಂತೆ ನೋಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಬಸ್ಸಿನ ಎಡಗಡೆ ಕುಳಿತವರೂ ಬಲಗಡೆ ಕುಳಿತವರೂ ಜಗಳವಾಡದ ಜಾಗ ಅದೊಂದೇ. ಆದರೆ ಅದು ಕಣ್ಣಿನ ತೀರ, ಸ್ನಾನದ ತೀರವಲ್ಲ. ದಂಡೆ ಇಳಿಜಾರು, ಅಲೆಯ ಹೊಡೆತ ಜೋರು, ರಸ್ತೆ ಉಳಿಸಲು ಹಾಕಿದ ಬಂಡೆಗಳು ಬೇರೆ. ಸಂಜೆ ಸೂರ್ಯ ಮುಳುಗುವಾಗ ನಿಂತು ನೋಡಿ, ಸಾಕು.

ಮಲ್ಪೆಗೆ ಹೋದರೆ ಬಂದರಿನ ಗದ್ದಲವನ್ನೂ ನೋಡಿ, ಬರೀ ಮರಳನ್ನಲ್ಲ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು, ನಮ್ಮವರ ಬಾಯಲ್ಲಿ ಅದು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದಿದ್ದ ಎಂಬ ಕಥೆಗಿಂತ ನನಗೆ ಕಲ್ಲಿನ ಕಥೆ ದೊಡ್ಡದು. ಸುಮಾರು 8.8 ಕೋಟಿ ವರ್ಷದ ಹಿಂದೆ ನಮ್ಮ ನೆಲವೂ ಮಡಗಾಸ್ಕರವೂ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು, ಜೋಡಿಸಿಟ್ಟ ಕಂಬಗಳಂತೆ ನಿಂತಿದೆ. ಹೆಚ್ಚಿನವಕ್ಕೆ ಐದಾರು ಮುಖ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿದೆ. ಸಮುದ್ರದಲ್ಲೇ ಬದುಕುವವರು ನೂಲು ಹುಣ್ಣಿಮೆಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿ ಮತ್ತೆ ಕಡಲಿಗಿಳಿಯುತ್ತಾರೆ. ಅವರೇ ಕಾಯುವಾಗ, ರಜೆ ಸಿಕ್ಕಿತೆಂದು ಜುಲೈಯಲ್ಲಿ ಬಂದು ನೀರಿಗೆ ಇಳಿಯುವ ನಮ್ಮ ಆತುರ ಎಂಥದ್ದು?

ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ಇದೆ. ಸಂಜೆ ಹತ್ತಲು ಬಿಡುವ ಹೊತ್ತು ತಿಳಿದುಕೊಂಡು ಹೋಗಿ. ಮೇಲಿನಿಂದ ನೋಡಿದರೆ ತೆಂಗಿನ ತೋಟ, ದಂಡೆಯ ಬಿಳಿ ಗೆರೆ, ನಾನು ಹೇಳಿದ ಆ ಕಪ್ಪು ಓಣಿಗಳು ಕೂಡ ಕೆಲವೊಮ್ಮೆ ಸ್ಪಷ್ಟವಾಗಿ ಕಾಣುತ್ತವೆ. ಭೂಗೋಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಬೋರ್ಡು ಇಲ್ಲ. ಪಡುಬಿದ್ರಿಯಲ್ಲಿ ಜೀವರಕ್ಷಕರಿದ್ದಾರೆ, ಮನೆಮಂದಿಯ ಜೊತೆ ಹೋಗಲು ಒಳ್ಳೆಯದು. ಪಣಂಬೂರು ಗಾಳಿಪಟದ ಹಬ್ಬಕ್ಕೆ ಹೆಸರಾದದ್ದು. ತೆಂಕು ತುದಿಗೆ ಉಳ್ಳಾಲ, ಸೋಮೇಶ್ವರ. ರಾಣಿ ಅಬ್ಬಕ್ಕನ ಊರು. ಅಲ್ಲಿ ಕಡಲ್ಕೊರೆತದಿಂದ ಮನೆ ಕಳೆದುಕೊಂಡವರಿದ್ದಾರೆ.

ಅಲ್ಲಿಂದ ನನ್ನ ಮೊದಲ ತೀರಕ್ಕೆ ವಾಪಸು ಬರುತ್ತೇನೆ. ನಿನ್ನೆ ಸಂಜೆ ಮೆರವಣಿಗೆ ಮುಗಿದ ಮೇಲೆ ನಾವು ನಾಲ್ಕೈದು ಸಹಪಾಠಿಗಳು ಶಾಲೆಯ ಹಿಂದೆ ಹೋಗಿದ್ದೆವು. ಕಬಡ್ಡಿ ಅಂಕಣ ಹಾಕಿದ ಜಾಗದಲ್ಲಿ ಈಗ ಕಲ್ಲಿನ ತಡೆಗೋಡೆ. ಗೋಡೆಯ ಬುಡಕ್ಕೇ ಅಲೆ. ಮಳೆಗಾಲದಲ್ಲಿ ಸಮುದ್ರ ಮರಳು ಒಯ್ಯುತ್ತದೆ, ಬೇಸಿಗೆಯಲ್ಲಿ ತಂದು ಹಾಕುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ನಿಜವೇ. ಆದರೆ ಒಯ್ದಷ್ಟು ತರಬೇಕಾದರೆ ನದಿಗಳು ಮರಳು ಕೊಡುತ್ತಿರಬೇಕು. ಅಣೆಕಟ್ಟು ಕಟ್ಟಿದೆವು, ಹೊಳೆಯ ಮರಳು ಬಗೆದೆವು, ದಂಡೆಗುಂಟ ಸಾಗುವ ಮರಳಿಗೆ ಅಡ್ಡವಾಗಿ ಅಲೆತಡೆಗಳನ್ನು ಕಟ್ಟಿದೆವು. ಒಂದು ಕಡೆ ಮರಳು ತುಂಬಿದರೆ ಇನ್ನೊಂದು ಕಡೆ ಕೊರೆಯುತ್ತದೆ. ಕಲ್ಲು ಹಾಕಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗೋಡೆಯ ಹಿಂದೆ ನನ್ನ ಗೆಳೆಯನ ಮನೆ ಇದೆ. ಕಲ್ಲು ಮನೆಯನ್ನು ಉಳಿಸಿದೆ, ದಂಡೆಯನ್ನು ಉಳಿಸಿಲ್ಲ.

ನಿನ್ನೆ ಅಲ್ಲಿ ನಿಂತಿದ್ದಾಗ ಒಂದು ಬಸ್ಸು ಬಂತು. ಗದಗದ ಕಡೆಯ ಮಕ್ಕಳು, ಮಾತಿನಿಂದ ಗೊತ್ತಾಯಿತು. ಕಲ್ಲು ಮುಗಿಯುವಲ್ಲಿ ಉಳಿದಿರುವ ಚೂರು ಮರಳಿಗೆ ಓಡಿದರು. ನಮ್ಮ ಶಾಲೆಯ ಸಮವಸ್ತ್ರದ ಇಬ್ಬರು ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ನಾನು ಹೋಗಿ "ಇಲ್ಲಿ ಎಲ್ಲಿ ಎಳೆತ ಇದೆ?" ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ಕೈ ತೋರಿಸಿದರು, "ಕಲ್ಲಿನ ತುದಿಯಲ್ಲಿ ಸಾರ್." "ಅವರಿಗೆ ಹೇಳಿದಿರಾ?" ಎಂದೆ. ಸುಮ್ಮನಾದರು. "ಅವರು ನಮ್ಮನ್ನು ಕೇಳಲಿಲ್ಲ ಸಾರ್" ಎಂದ ಒಬ್ಬ. ಮೂವರೂ ಹೋಗಿ ಹೇಳಿದೆವು. ಆ ಶಾಲೆಯ ಮೇಡಮ್ ಕೈ ಮುಗಿದು ಮಕ್ಕಳನ್ನು ಮೇಲೆ ಕರೆದರು.

ಇದಕ್ಕಾಗಿಯೇ ಇಷ್ಟು ಹೊತ್ತು ಮಾತನಾಡಿದೆ. ನಾನು ಕೇಳಲಿಲ್ಲ, ಅದು ನನ್ನ ತಪ್ಪು. ಆದರೆ ಬಯಲುಸೀಮೆಯ ಮಗುವಿಗೆ ಏನು ಕೇಳಬೇಕು ಎಂಬುದೇ ತಿಳಿದಿರುವುದಿಲ್ಲ. ತಿಳಿದ ನಾವೇ ಮೊದಲು ಹೇಳಬೇಕು.

ಸುವರ್ಣ ಮಹೋತ್ಸವದ ನೆನಪಿಗೆ ಹಳೆ ವಿದ್ಯಾರ್ಥಿಗಳು ಹಲವು ಕೊಡುಗೆ ಕೊಟ್ಟಿದ್ದೀರಿ, ಬಹಳ ಸಂತೋಷ. ನನ್ನದು ಎರಡು ಸಣ್ಣ ವಿನಂತಿ. ಒಂದು, ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಒಂಬತ್ತನೇ ತರಗತಿಯ ಮಕ್ಕಳು ಮೀನುಗಾರ ಹಿರಿಯರನ್ನು ಜೊತೆಗೆ ಕರೆದುಕೊಂಡು ನಮ್ಮ ತೀರದ ನಕ್ಷೆ ಬರೆಯಲಿ. ಎಲ್ಲಿ ಸೆಳೆತ, ಎಲ್ಲಿ ಬಂಡೆ, ಅಳಿವೆಯ ಬಾಯಿ ಈ ವರ್ಷ ಎಲ್ಲಿಗೆ ಸರಿದಿದೆ, ಯಾವ ಹೊತ್ತಿಗೆ ಉಬ್ಬರ. ಮಳೆಗಾಲ ಕಳೆದಾಗ ಮರಳು ಜಾಗ ಬದಲಿಸಿರುತ್ತದೆ, ಆದ್ದರಿಂದ ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಅದನ್ನು ದೊಡ್ಡ ಹಲಗೆಯ ಮೇಲೆ ಬರೆಸಿ ದಂಡೆಯಲ್ಲಿ ನಿಲ್ಲಿಸೋಣ, ಹಲಗೆಯ ಖರ್ಚು ನನ್ನದು. ಎರಡನೆಯದು, ಈ ಸಭೆಯಲ್ಲಿರುವ ಹೆಣ್ಣುಮಕ್ಕಳಲ್ಲಿ ಈಜು ಬರುವವರು ಕೈ ಎತ್ತಿ ನೋಡೋಣ. ನೋಡಿ, ಬೆರಳಿನಲ್ಲಿ ಎಣಿಸಬಹುದು. ಗಂಡುಮಕ್ಕಳದ್ದೂ ಹೆಚ್ಚು ಕಡಿಮೆ ಹಾಗೆಯೇ. ಸಮುದ್ರದ ಸದ್ದು ಕೇಳುತ್ತಾ ಪಾಠ ಕಲಿಯುವ ಶಾಲೆ ಇದು. ಇಲ್ಲಿಂದ ಹತ್ತನೇ ತರಗತಿ ಮುಗಿಸಿ ಹೋಗುವ ಪ್ರತಿ ಮಗುವಿಗೂ ಈಜು ಬರುವ ಹಾಗೆ ಏನಾದರೂ ವ್ಯವಸ್ಥೆ ಮಾಡಿ, ಕೆರೆಯಲ್ಲಾದರೂ ಸರಿ.

ಅಂದು ಆಸ್ಪತ್ರೆಯಲ್ಲಿದ್ದ ಹುಡುಗ ಈಗ ಹೊಸದುರ್ಗದ ಕಡೆ ತೆಂಗು, ಅಡಿಕೆ ಮಾಡಿಕೊಂಡಿದ್ದಾನೆ. ಕಳೆದ ತಿಂಗಳು ಫೋನ್ ಮಾಡಿ, "ಮಗಳು ಸಮುದ್ರ ನೋಡಬೇಕು ಅಂತಾಳೆ ಸಾರ್, ಯಾವ ಬೀಚಿಗೆ ಕರ್ಕೊಂಡ್ ಹೋಗ್ಲಿ?" ಎಂದು ಕೇಳಿದ. ಮೇಲೆ ಹೇಳಿದ ಪಟ್ಟಿಯನ್ನೆಲ್ಲ ಅವನಿಗೂ ಹೇಳಿದೆ. ಕೊನೆಗೆ, "ಫೆಬ್ರವರಿಯಲ್ಲಿ ಬಾ, ಮೊದಲು ನಮ್ಮೂರಿಗೆ ಬಾ, ನಾನೂ ಜೊತೆಗೆ ಬರುತ್ತೇನೆ" ಎಂದೆ. ಬರುತ್ತೇನೆ ಎಂದಿದ್ದಾನೆ.